ಯಾರ ಕಡೆಯ ರಕ್ತ

ರಕ್ತ ಕೇಳಿಕೊಂಡು ಬಂದ ಡಾಕ್ಟರರ ಮೇಲೆ ಕರೆವ್ವ ನಾಯಿ ಛೂ ಬಿಟ್ಟಳು ಎಂದು ಊರಿನಲ್ಲಿ ಇವತ್ತಿಗೂ ಹೇಳುತ್ತಾರೆ. ಅದು ಸುಳ್ಳು. ನಾಯಿಗಳೆಲ್ಲ ಕಟ್ಟಿಯೇ ಇದ್ದವು. ಕುರಿ ಕಾಯುವ ಕೋಲು ಹಿಡಿದು ಬಂದು ಜೀಪಿನ ಮೂತಿಗೆ ಎರಡು ಏಟು ಹಾಕಿದ್ದು ಮಾತ್ರ ನಿಜ. ಒಳಗೆ ಕುಳಿತಿದ್ದ ಡಾಕ್ಟರ್ ಅನುರಾಧಾ ಇಳಿಯಲಿಲ್ಲ, ಹೆದರಲೂ ಇಲ್ಲ. ಗಾಜು ಇಳಿಸಿ, "ನಾಳಿ ಮತ್ತ ಬರತೀನ್ರಿ" ಎಂದರು.

"ಬರ್ರಿ. ನಾಳಿ ಈ ಕೋಲು ಗಾಡಿ ಮ್ಯಾಲೆ ಬೀಳೂದಿಲ್ಲ," ಎಂದಳು ಕರೆವ್ವ.

ಇದು ನಡೆದದ್ದು ೨೦೧೧ರಲ್ಲಿ. ಅಷ್ಟರಲ್ಲಿ ಅವಳ ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಮಾತು ನಿಂತು ಎರಡು ವರ್ಷವಾಗಿತ್ತು.

ಕರೆವ್ವ ಹುಟ್ಟಿದ್ದು, ಲಗ್ನವಾದದ್ದು ಎಲ್ಲ ಕೃಷ್ಣೆಯ ದಂಡೆಯ ಒಂದೇ ಊರಿನಲ್ಲಿ, ಬೀಳಗಿ ತಾಲೂಕಿನಲ್ಲಿ. ಕುರಿಯವರ ಮನೆತನ. ಬೀರಪ್ಪ ಮನೆದೇವರು. ಅವಳನ್ನು ಕೊಟ್ಟದ್ದು ಸೋದರಮಾವ ಅಮಸಿದ್ದಪ್ಪನಿಗೆ. ಅವನ ಕುರಿ ಹಿಂಡಿನ ಜೊತೆ ಯಾವಾಗಲೂ ಎರಡು ಮುಧೋಳ ನಾಯಿಗಳಿರುತ್ತಿದ್ದವು. ಉದ್ದ ಕಾಲು, ಒಳಗೆ ಹೋದ ಹೊಟ್ಟೆ, ಗಾಳಿಯಂತೆ ಓಟ. ತೋಳ ಬಂದರೆ ಅವು ಬೊಗಳುವುದಕ್ಕೆ ಮೊದಲೇ ಬೆನ್ನು ಹತ್ತಿರುತ್ತಿದ್ದವು. ಬಾಗಲಕೋಟೆ ಬೇರೆ ಜಿಲ್ಲೆಯಾದ ವರ್ಷ ಅಮಸಿದ್ದಪ್ಪ ಅಡವಿಯಲ್ಲಿ ಹಾವು ಕಚ್ಚಿ ಸತ್ತ. ಹೆಣ ಹುಡುಕಿಕೊಂಡು ಹೋದವರಿಗೆ ದಾರಿ ತೋರಿಸಿದ್ದು ಆ ನಾಯಿಗಳೇ. ಮೂರು ವರ್ಷಕ್ಕೆ ಊರಿಗೆ ಆಣೆಕಟ್ಟಿನ ಹಿನ್ನೀರು ಬಂತು. ಸರ್ಕಾರ ಮುಧೋಳದ ರಸ್ತೆಯಲ್ಲಿ ಹೊಸ ಊರು ಕಟ್ಟಿ ಕೊಟ್ಟಿತು. ಅಲ್ಲಿ ಸಾಲುಮನೆಗಳಿದ್ದವು, ನಳವಿತ್ತು, ಸಾಲೆಯಿತ್ತು. ಕುರಿ ಮೇಯುವ ಜಾಗವಿರಲಿಲ್ಲ. ಕರೆವ್ವ ಹಿಂಡು ಮಾರಿದಳು. ನಾಯಿಗಳನ್ನು ಮಾರಲಿಲ್ಲ.

"ಕುರಿನ ಇಲ್ಲ, ನಾಯಿ ಯಾಕ ಬೇ?" ಎಂದು ನೆರೆಮನೆಯ ಗುರುಬಸವ್ವ ಕೇಳಿದ್ದಕ್ಕೆ, "ನಿನ್ನ ಗಂಡಗ ಉದ್ಯೋಗಿಲ್ಲ, ಅವನ್ನ ಯಾಕ ಇಟ್ಟಕೊಂಡಿ?" ಎಂದಿದ್ದಳು. ಅವಳ ಬಾಯಿ ಹಾಗಿತ್ತು. ಗುರುಬಸವ್ವ ಒಂದು ತಿಂಗಳು ಮಾತು ಬಿಟ್ಟು, ಆಮೇಲೆ ತಾನೇ ಬಂದು ಮಾತಾಡಿಸಿದಳು.

ಆ ಎರಡು ನಾಯಿಗಳಿಂದಲೇ ಕರೆವ್ವ ಮತ್ತೆ ಮನುಷ್ಯಳಾಗಿ ನಿಂತದ್ದು. ಜಾತಿವಂತ ಮರಿಗಳೆಂಬ ಸುದ್ದಿ ಹಬ್ಬಿ, ಜಮಖಂಡಿ, ಮುಧೋಳದಿಂದಷ್ಟೇ ಅಲ್ಲ, ಕೊಲ್ಲಾಪುರದಿಂದಲೂ ಜನ ಬಂದು ಅಂಗಳದಲ್ಲಿ ಕಾಯುತ್ತಿದ್ದರು. ಕೇಳಿದವರಿಗೆಲ್ಲ ಅವಳು ಮರಿ ಕೊಡುತ್ತಿರಲಿಲ್ಲ. ಮರಿಯನ್ನು ಕಿವಿ ಹಿಡಿದು ಎತ್ತಿದ ಒಬ್ಬ ಶ್ರೀಮಂತನನ್ನು ಬೈದು ಓಡಿಸಿದ್ದಳು. ಮಗ ಶಿವಪುತ್ರನನ್ನು ಓದಿಸಿದ್ದು ಈ ನಾಯಿಗಳ ಮೇಲೆ. ಅವನಿಗೆ ಬಾಡಗಂಡಿಯ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸ ಸಿಕ್ಕಿತು.

ಸೊಸೆ ಪ್ರತಿಮಾ ಬನಹಟ್ಟಿಯವಳು. ಅವಳಪ್ಪ ಗೂಳಪ್ಪ ನಲವತ್ತು ವರ್ಷ ಮಗ್ಗದ ಮುಂದೆ ಕುಳಿತವನು. ಮಗಳನ್ನು ಹಟದಿಂದ ಓದಿಸಿ ಮಾಸ್ತರಿಕೆಗೆ ಹಚ್ಚಿದ್ದ. ಪ್ರತಿಮಾಳಿಗೆ ಹೊಸ ಊರಿನ ಸಾಲೆಯಲ್ಲೇ ನೌಕರಿ. ಬಂದ ಮೊದಲ ವಾರವೇ ಹಾಲಿನ ಪಾತ್ರೆಯಲ್ಲಿ ನಾಯಿಯ ಕೂದಲು ಕಂಡು, ಪಾತ್ರೆಯನ್ನು ಅತ್ತೆಯ ಮುಂದೆಯೇ ಬಚ್ಚಲಿಗೆ ಸುರಿದಳು. ಕರೆವ್ವ ಮರುದಿನದಿಂದ ತನ್ನ ಚಹಾ ತಾನೇ ಕಾಸಿಕೊಂಡಳು. ಇಬ್ಬರೂ ಸೋಲುವ ಪೈಕಿಯವರಲ್ಲ. ಒಬ್ಬಳು ನೌಕರಿಯ ಬಲದ ಮೇಲೆ, ಒಬ್ಬಳು ನಾಯಿಗಳ ಬಲದ ಮೇಲೆ ಆ ಮನೆಯಲ್ಲಿ ನಿಂತಿದ್ದರು.

ಮೊದಲ ಮಗ ದುರಗೇಶ. ನಾಯಿಗಳ ನಡುವೆಯೇ ಅಂಬೆಗಾಲಿಟ್ಟು ಬೆಳೆದ. ಆಗೊಮ್ಮೆ ಈಗೊಮ್ಮೆ ಸೀನು, ಕಣ್ಣು ಕೆಂಪು, ಅಷ್ಟೇ. ಮೂರು ವರ್ಷದ ಮೇಲೆ ಮಾಯಾ ಹುಟ್ಟಿದಳು. ಅವಳಿಗೆ ಎರಡು ತುಂಬುವುದರೊಳಗೆ ಎದೆ ಸುಂಯ್‌ಗುಡತೊಡಗಿತು. ತಂಡಿ ಎಂದರು, ಕಫ ಎಂದರು, ಬಜೆ ತೇಯ್ದು ನೆಕ್ಕಿಸಿದರು. ಒಬ್ಬ ಡಾಕ್ಟರ್ ನಾಯಿಯಿಂದ ದೂರ ಇಡಿ ಎಂದಾಗ ಕರೆವ್ವ ನಕ್ಕಳು. "ಅವರಣ್ಣ ನಾಯಿ ಮಗ್ಗಲದಾಗ ಮಲಗಿ ಬೆಳದಾನು. ಒಂದ ಹೊಟ್ಯಾಗಿಂದ ಬಂದ ಕೂಸುಗೋಳು. ಒಬ್ಬಾವಗ ಬಾರದ್ದು ಈಕಿಗಷ್ಟ ಹ್ಯಾಂಗ ಬರತೈತಿ?"



೨೦೦೯ರ ಒಂದು ಭಾನುವಾರ ಮುಂಜಾನೆ ಪ್ರತಿಮಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಚಂದ್ರಿ ಎಂಬ ನಾಯಿ ಮರಿ ಹಾಕಿ ಇಪ್ಪತ್ತು ದಿನವಾಗಿತ್ತು. ಆಯಿ, ಆಯಿ ಎಂದು ಮಾಯಾ ಅಜ್ಜಿಯ ಸೆರಗು ಹಿಡಿದು ಕಾಡಿದಳೆಂದು ಕರೆವ್ವ ಒಂದು ಬಿಳಿ ಮರಿಯನ್ನು ತಂದು ಅವಳ ತೊಡೆಯ ಮೇಲೆ ಇಟ್ಟಳು. ಕೂಸು ಮರಿಗೆ ಮುತ್ತು ಕೊಟ್ಟಿತು, ಮರಿ ಕೂಸಿನ ಗಲ್ಲ ನೆಕ್ಕಿತು. ಅರ್ಧ ತಾಸಿನಲ್ಲಿ ಕಣ್ಣುಗಳು ಊದಿ ಮುಚ್ಚಿದವು. ಉಸಿರೆಳೆದಾಗೊಮ್ಮೆ ಗಂಟಲ ಕೆಳಗಿನ ಗುಳಿ ಒಳಗೆ ಹೋಗತೊಡಗಿತು. ತುಟಿ ನೀಲಿಗಟ್ಟಿತು. ಶಿವಪುತ್ರ ಬೈಕು ತೆಗೆದ. ಪ್ರತಿಮಾ ಒದ್ದೆ ಸೀರೆಯಲ್ಲೇ ಕೂಸನ್ನು ಎದೆಗವಚಿ ಹಿಂದೆ ಕುಳಿತಳು. ಕರೆವ್ವ ಬಸ್ಸು ಹಿಡಿದು ಮುಧೋಳದ ದವಾಖಾನೆ ಮುಟ್ಟಿದಾಗ ಮಾಯಾಳ ಮುಖಕ್ಕೆ ಹೊಗೆಯಂಥ ಔಷಧಿ ಬಿಡುವ ಮುಸುಕು ಹಾಕಿದ್ದರು. ಬದುಕಿದ್ದಳು.

ಪ್ರತಿಮಾ ಎದ್ದು ನಿಂತು ವಾರ್ಡಿನ ಜನರೆಲ್ಲ ಕೇಳುವಂತೆ ಹೇಳಿದಳು: "ಬಂದ್ರೇನ್ರಿ? ಕೂಸು ಸತ್ತೈತೋ ಇಲ್ಲೋ ನೋಡಾಕ?"

"ನಾಲಿಗಿ ಬಿಗಿ ಹಿಡಿ ಬೇ. ನನ್ನ ಮೊಮ್ಮಗಳು ಅಕಿ."

"ಮರಿ ಕೊಟ್ಟಾಗ ಮೊಮ್ಮಗಳಾಗಿದ್ದಿಲ್ಲೇನು? ಡಾಕ್ಟರ್ ಹೇಳಿದ್ದು ಕಿವಿಗಿ ಬಿದ್ದಿದ್ದಿಲ್ಲೇನು? ನಿಮ್ಮ ನಾಯಿ ನನ್ನ ಮಗಳನ್ನ ತಿನ್ನಾಕತ್ತಾವು."

ಆಗ ಕರೆವ್ವ ಆಡಬಾರದ ಮಾತು ಆಡಿದಳು. "ನಾಯಿ ಅಲ್ಲ, ನಿಮ್ಮಪ್ಪ ತಿನ್ನಾಕತ್ತಾನು. ನಮ್ಮ ಏಳು ತಲಿಯಾಗ ಯಾರಿಗೂ ದಮ್ಮಿನ ಬ್ಯಾನಿ ಇಲ್ಲ. ನಾಯಿ ಜೋಡಿ ಉಂಡು ನಾಯಿ ಜೋಡಿ ಮಲಗಿದ ಮಂದಿ ನಾವು. ನಿಮ್ಮಪ್ಪ ಬನಹಟ್ಯಾಗ ಕೆಮ್ಮಿದ್ರ ರಬಕವಿಗಿ ಕೇಳತೈತಿ. ರೋಗದ ರಕ್ತ ತಂದಾಕಿ ನೀ."

"ಅದು ಮಗ್ಗದ ಹತ್ತಿ ಧೂಳಿಂದ ಬಂದದ್ದು. ರಕ್ತದ್ದಲ್ಲ."

"ಹಂಗಂತ ಯಾರ ಬರದು ಕೊಟ್ಟಾರ?"

ಶಿವಪುತ್ರ ನಡುವೆ ನಿಂತು ಇಬ್ಬರಿಗೂ ಕೈಮುಗಿದ. ಅವನ ಬದುಕೆಲ್ಲ ಹೀಗೆ ನಡುವೆ ನಿಲ್ಲುವುದರಲ್ಲೇ ಹೋಯಿತು.

ಅದೇ ತಿಂಗಳು ಅಂಗಳದ ನಟ್ಟನಡುವೆ ಎದೆಮಟ್ಟದ ಗೋಡೆ ಎದ್ದಿತು. ಆಚೆ ಕರೆವ್ವ ಮತ್ತು ಏಳು ನಾಯಿಗಳು. ಈಚೆ ಮಗ, ಸೊಸೆ, ಮಕ್ಕಳು. ಆದರೆ ಮಾಯಾಳ ಎದೆಗೆ ಗೋಡೆಯ ಲೆಕ್ಕವಿರಲಿಲ್ಲ. ಆಯಿಯ ಹತ್ತಿರ ಹೋಗಿ ಸೆರಗಿನಲ್ಲಿ ಮುಖ ಹುದುಗಿಸಿದರೆ ಸಾಕು, ಸಂಜೆಯ ಹೊತ್ತಿಗೆ ಸುಂಯ್ ಶುರುವಾಗುತ್ತಿತ್ತು. ಜಮಖಂಡಿಯ ಮಕ್ಕಳ ಡಾಕ್ಟರ್ ಹೇಳಿದ್ದು: ನಾಯಿಯ ಮೈಯ ಹೊಟ್ಟು, ಒಣಗಿದ ಜೊಲ್ಲು ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಬಟ್ಟೆಗೆ, ತಲೆಗೂದಲಿಗೆ ಅಂಟಿಕೊಂಡು ಬರುತ್ತದೆ. ಪ್ರತಿಮಾ ಅದನ್ನು ಅತ್ತೆಗೆ ತಿಳಿಸಿದ್ದು ಒಂದೇ ಸಾಲಿನಲ್ಲಿ.

"ಇನ್ನ ಮ್ಯಾಲೆ ನನ್ನ ಮಗಳನ್ನ ಮುಟ್ಟಬ್ಯಾಡ್ರಿ."

ಕರೆವ್ವ ಅಂದಿನಿಂದ ಸೊಸೆಯ ಜೊತೆ ಮಾತು ಬಿಟ್ಟಳು. ಕೇಳಿದವರಿಗೆ ಹೇಳುತ್ತಿದ್ದಳು, "ನನ್ನ ಮುಟ್ಟಿದ್ರ ಮೈಲಿಗಿ ಆಗತೈತಂತ. ಸಾಲಿ ಕಲತಾಕಿ ಕಲತದ್ದು ಇದ."

ಜೀಪು ಬಂದದ್ದು ಈ ಹಂತದಲ್ಲಿ. ಅನುರಾಧಾ ಜಮಖಂಡಿಯವರೇ, ದೊಡ್ಡ ಊರಿನ ವೈದ್ಯಕೀಯ ಕಾಲೇಜೊಂದರಲ್ಲಿ ಮಕ್ಕಳ ಉಬ್ಬಸದ ಮೇಲೆ ಕೆಲಸ ಮಾಡುತ್ತಿದ್ದರು. ಒಂದೇ ಮನೆ, ಅವೇ ನಾಯಿಗಳು. ಆದರೂ ಒಂದು ಮಗುವಿಗೆ ಬರೀ ಸೀನು, ಇನ್ನೊಂದಕ್ಕೆ ಜೀವಕ್ಕೇ ಬರುವ ಉಬ್ಬಸ ಯಾಕೆ? ಯಾವ ಮಗುವಿಗೆ ರೋಗ ಜೋರಾಗುತ್ತದೆಂದು ಮೊದಲೇ ಹೇಳುವ ಗುರುತು ರಕ್ತದಲ್ಲಿ, ಜೀನುಗಳಲ್ಲಿ ಇದೆಯೇ? ಅದಕ್ಕಾಗಿ ನಾಯಿ ಸಾಕುವ ಮನೆಗಳು ಹೆಚ್ಚಿರುವ ಮುಧೋಳದ ಸೀಮೆಯಲ್ಲಿ ಮಕ್ಕಳ, ಅವರ ತಂದೆ ತಾಯಿ, ಅಜ್ಜ ಅಜ್ಜಿಯರ ರಕ್ತ ತೆಗೆದುಕೊಳ್ಳುತ್ತಿದ್ದರು.

ನಾಯಿಗಳನ್ನು ಒಯ್ಯಲು ಬಂದ ಸರ್ಕಾರದವರೆಂದು ತಿಳಿದೇ ಕರೆವ್ವ ಕೋಲು ಎತ್ತಿದ್ದು. ಸಂಜೆ ಗುರುಬಸವ್ವ ಬಂದು ಬೇರೆಯೇ ಸುದ್ದಿ ಹೇಳಿದಳು. "ನಾಯಿ ಸುದ್ದಿಗಿ ಬಂದಿಲ್ಲ ಬೇ ಅವರು. ಕೂಸಿನ ದಮ್ಮು ರಕ್ತದಾಗ ಎಲ್ಲಿಂದ ಬಂತು ಅಂತ ನೋಡತಾರಂತ. ನಿನ್ನ ಸೊಸಿ ಹೂಂ ಅಂದಾಳ. ಬನಹಟ್ಟಿಯಿಂದ ಅವರಪ್ಪನ್ನ ಕರಸಾಕತ್ತಾಳ."

"ಯಾರ ಕಡಿಂದ ಬಂತು ಅಂತ ಗೊತ್ತಾಗತೈತೇನು?"

"ಆಗತೈತಿ ಅಂತ ಮಂದಿ ಮಾತಾಡಾಕತ್ತಾರ."

ಮರುದಿನ ಮುಂಜಾನೆ ಎಂಟಕ್ಕೇ ಕರೆವ್ವ ಸಾಲೆಯ ಕಟ್ಟೆಯ ಮೇಲೆ ಎಲ್ಲರಿಗಿಂತ ಮೊದಲು ಕುಳಿತಿದ್ದಳು. ತೋಳು ಬಿಚ್ಚಿಟ್ಟುಕೊಂಡೇ ಕುಳಿತಿದ್ದಳು.

ನಾಲ್ಕನೇ ಇಯತ್ತೆಯ ಕೋಣೆಯಲ್ಲಿ ಎರಡು ಬೆಂಚು ಎದುರುಬದುರು ಹಾಕಿದ್ದರು. ಒಂದರ ಮೇಲೆ ಗೂಳಪ್ಪ ಮತ್ತು ಪ್ರತಿಮಾ, ಇನ್ನೊಂದರ ಮೇಲೆ ಕರೆವ್ವ. ಶಿವಪುತ್ರ ಮಕ್ಕಳನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಗೂಳಪ್ಪನಿಗೆ ಕೆಮ್ಮು ಬಂತು. ತಡೆಯಲು ನೋಡಿದ, ಆಗಲಿಲ್ಲ.

"ಕೆಮ್ಮರಿ ಬೀಗರ, ಕೆಮ್ಮರಿ. ಡಾಕ್ಟರ್‌ಬಾಯಾರ ಕೇಳಿಸ್ಕೊಳ್ಳಲಿ," ಎಂದಳು ಕರೆವ್ವ.

"ಡಾಕ್ಟರ್ ಅಕ್ಕಾರ, ಇವ್ರ ಲಗ್ನ ಸ್ವಾದರಮಾವನ ಜೋಡಿ ಆಗೇತಿ. ಅದನ್ನೂ ಬರಕೋರಿ," ಎಂದಳು ಪ್ರತಿಮಾ.

ಅನುರಾಧಾ ಎರಡನ್ನೂ ಬರೆದುಕೊಂಡು ಕರೆವ್ವನ ಕಡೆ ತಿರುಗಿದರು. "ನಾಯಿ ಹತ್ರ ಹ್ವಾದ್ರ ನಿಮಗೇನರ ಸೀನ ಬರತಾವೇನ್ರಿ?"

"ನಾಯಿ ಹತ್ರ ಬರೂದಿಲ್ರಿ. ಒಂದೊಂದ ಮನಷ್ಯಾರ ಹತ್ರ ಬರತಾವ."

ಮಾಯಾಳಿಗೆ ಸೂಜಿ ಚುಚ್ಚಿದಾಗ ಅವಳು ಆಯಿ ಎಂದೇ ಅತ್ತಳು. ಕರೆವ್ವ ಎದ್ದಳು. ಪ್ರತಿಮಾ ಕೂಡ ಎದ್ದು ಅಡ್ಡ ನಿಂತಳು. ಕರೆವ್ವ ಮತ್ತೆ ಕುಳಿತಳು.

ವರ್ಷದ ಮೇಲೆ ಎರಡು ತಿಂಗಳು ಕಾದರು. ಈ ಅವಧಿಯಲ್ಲಿ ಇಬ್ಬರೂ ತಮ್ಮ ತಮ್ಮ ಗೆಲುವನ್ನು ಊರೆಲ್ಲ ಸಾರಿದರು. ಅನುರಾಧಾ ಕಾಗದ ಹಿಡಿದು ಬಂದ ದಿನ, ಮಧ್ಯದ ಗೋಡೆಗೆ ಆನಿಕೊಂಡು ಆಚೆ ಒಬ್ಬಳು, ಈಚೆ ಒಬ್ಬಳು ನಿಂತರು. ಡಾಕ್ಟರ್ ಮೊದಲು ಮಕ್ಕಳ ವಿಷಯ ಹೇಳಿದರು. ನಾಯಿಯ ಮೈಯಿಂದ ಬೇರೆ ಬೇರೆ ಪದಾರ್ಥಗಳು ಬರುತ್ತವೆ. ದುರಗೇಶನ ಮೈ ಒಂದಕ್ಕೆ ಮಾತ್ರ ಕೆರಳುತ್ತದೆ, ಅದೂ ಗಂಡುನಾಯಿಗಳಲ್ಲಷ್ಟೇ ಇರುವಂಥದ್ದು. ಮಾಯಾಳ ಮೈ ನಾಲ್ಕಕ್ಕೆ ಕೆರಳುತ್ತದೆ. ಹೀಗೆ ಹಲವಕ್ಕೆ ಒಟ್ಟಿಗೆ ಕೆರಳುವ ಮಕ್ಕಳಲ್ಲೇ ಉಬ್ಬಸ ಜೋರು.

"ಅದು ಆತು. ರಕ್ತ ಯಾರ ಕಡಿದು?" ಎಂದಳು ಕರೆವ್ವ.

"ಹಂಗ ಹೇಳಾಕ ಬರೂದಿಲ್ರಿ. ಜೋರ ದಮ್ಮಿದ್ದ ಮಕ್ಕಳ ರಕ್ತದಾಗ ಕೆಲವು ಜೀನ್ ಬ್ಯಾರೆ ರೀತಿ ಕೆಲಸ ಮಾಡತಾವು ಅಂತ ಕಂಡೇತಿ. ಆದ್ರ ಅದು ನೂರಾರು ಮಕ್ಕಳನ್ನ ಕೂಡಿಸಿ ನೋಡಿದಾಗ ಕಾಣೂ ಮಾತು. ಒಂದ ಕೂಸಿನ ರಕ್ತ ನೋಡಿ ಇದು ಇಂಥಾವರಿಂದ ಬಂತು ಅಂತ ಬಟ್ಟ ಮಾಡಿ ತೋರಸೂವಂಗಿಲ್ಲ. ತಾಯಿ ಕಡಿಂದ ಒಂಚೂರು, ತಂದಿ ಕಡಿಂದ ಒಂಚೂರು. ನಮಗ ಇನ್ನೂ ಪೂರ್ತಿ ತಿಳಿದಿಲ್ಲ."

"ತಿಳಿದಿಲ್ಲಂದ್ರ ನಮ್ಮಪ್ಪನ್ನ ಬಸ್ಸಿನ್ಯಾಗ ಯಾಕ ಕರಸಿದ್ರಿ?" ಎಂದಳು ಪ್ರತಿಮಾ.

"ನನ್ನ ರಕ್ತ ಯಾಕ ಹೀರಿದ್ರಿ? ಏನ್ ಮಾಡಿದ್ರಿ ಅದನ್ನ?" ಎಂದಳು ಕರೆವ್ವ.

ಮೂರು ವರ್ಷದಲ್ಲಿ ಅತ್ತೆ ಸೊಸೆ ಒಂದೇ ಕಡೆ ನಿಂತು ಜಗಳ ಮಾಡಿದ್ದು ಅದೊಂದೇ ಸಲ. ಅನುರಾಧಾ ಎಲ್ಲ ಬೈಗುಳ ಕೇಳಿಸಿಕೊಂಡರು. ಹೋಗುವಾಗ ಶಿವಪುತ್ರನಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿದರು: ರಕ್ತ ಯಾರದ್ದಾದರೂ ಆಗಿರಲಿ, ಹೆಣ್ಣುನಾಯಿಯೋ ಗಂಡುನಾಯಿಯೋ ಅದೂ ಬೇಡ, ಈ ಮಗು ಉಸಿರಾಡುವ ಮನೆಯಲ್ಲಿ ನಾಯಿ ಇರಕೂಡದು. ಗೋಡೆ ಸಾಲದು.

ಮರುದಿನ ಪ್ರತಿಮಾ ಗಂಡನ ಮುಂದೆ ಮಾತು ಇಟ್ಟಳು. ನಾಯಿಗಳು ಹೋಗಬೇಕು, ಇಲ್ಲ ತಾನು ಮಕ್ಕಳನ್ನು ಕರೆದುಕೊಂಡು ಬನಹಟ್ಟಿಗೆ ಹೋಗುತ್ತೇನೆ. ಗೋಡೆಯಾಚೆ ಕರೆವ್ವನಿಗೆ ಎಲ್ಲ ಕೇಳಿತು.

"ಲೇ ಶಿವಪುತ್ರ, ಅಕಿಗಿ ಹೇಳು. ಯಾರೂ ಬನಹಟ್ಟಿಗಿ ಹೋಗೂದ ಬ್ಯಾಡ. ನಾ ಹೊಂಟೆ. ನನ್ನ ನಾಯಿ ಜೋಡಿ ನಾ ಹೊಂಟೆ."

"ಯವ್ವ, ಎಲ್ಲಿಗಿ ಹೋಗತಿ? ನಾಯಿ ಕೊಟ್ಟಬಿಡು. ನೀ ಮನ್ಯಾಗ ಇರು."

"ಕುರಿ ಹ್ವಾದಾಗ ಸುಮ್ನಿದ್ದೆ, ಊರು ಹ್ವಾದಾಗ ಸುಮ್ನಿದ್ದೆ. ಇನ್ನ ಇವನ್ನೂ ಕೊಟ್ಟು, ಅಕಿ ಹಾಕಿದ ರೊಟ್ಟಿ ತಿಂದು ಕುಂದ್ರಲೇನು?"

ಊರ ಹೊರಗೆ ಹಳ್ಳದ ಹತ್ತಿರ ತಗಡಿನ ಶೆಡ್ಡು ಹಾಕಿಕೊಂಡಳು. ಮೊಮ್ಮಗಳಿಗಿಂತ ನಾಯಿ ಹೆಚ್ಚಾದವು ಎಂದು ಊರು ಆಡಿಕೊಂಡಿತು. ಕೂಸಿಗಾಗಿ ಮನೆ ಬಿಟ್ಟಳು ಎಂದು ಕೆಲವರು ಹೊಗಳಿದರು. ಹೊಗಳಿದವರ ಮೇಲೆ ಅವಳಿಗೆ ಹೆಚ್ಚು ಸಿಟ್ಟು. "ಯಾರ ಸಲುವಾಗೂ ಬಿಟ್ಟಿಲ್ಲ. ಸಿಟ್ಟಿಗಿ ಬಿಟ್ಟೀನಿ," ಎನ್ನುತ್ತಿದ್ದಳು. ಅದು ನಿಜವೂ ಆಗಿತ್ತು.

ಆರು ತಿಂಗಳು ಮನೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಸೋಮವಾರ, ಯಾರೂ ಕರೆಯದೆಯೇ ಗುರುಬಸವ್ವನ ಮನೆಗೆ ಬಂದಳು. ಅಲ್ಲಿ ತಲೆ ಮೇಲೆ ನೀರು ಹಾಕಿಕೊಂಡು, ಅಲ್ಲೇ ಪೆಟ್ಟಿಗೆಯಲ್ಲಿ ಇಟ್ಟಿದ್ದ ಬೇರೆ ಸೀರೆ ಉಟ್ಟು, ಬಂದು ಮಗನ ಮನೆಯ ಹೊರಕಟ್ಟೆಯ ಮೇಲೆ ಕುಳಿತಳು. ಮಾಯಾ ಸಾಲೆ ಬಿಟ್ಟು ಬಂದು ಪಕ್ಕದಲ್ಲಿ ಕುಳಿತಳು. ಎದೆ ಸುಂಯ್‌ಗುಡಲಿಲ್ಲ. ಪ್ರತಿಮಾ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಅಂದಿನಿಂದ ಪ್ರತಿ ಸೋಮವಾರ ಹೀಗೇ ನಡೆಯಿತು. ಚಹಾ ಬರಲಿಲ್ಲ. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

೨೦೧೪ರ ಬೇಸಿಗೆಯ ಒಂದು ಸೋಮವಾರ ಗುರುಬಸವ್ವನ ಮನೆಯಲ್ಲಿ ನೀರಿರಲಿಲ್ಲ. ನಳ ಬಂದಿರಲಿಲ್ಲ. ಕರೆವ್ವ ಸೀರೆಯಷ್ಟೇ ಬದಲಿಸಿ ಕಟ್ಟೆಗೆ ಬಂದಳು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡಳು. ಆಗ ಏಳು ವರ್ಷದವಳಾಗಿದ್ದ ಮಾಯಾ ಆಯಿಯ ಹೇನು ನೋಡುತ್ತೇನೆಂದು ತಮಾಷೆಗೆ ಕೂದಲು ಬಿಚ್ಚಿ, ಅದರಲ್ಲಿ ಮುಖವಿಟ್ಟು ನಕ್ಕಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು.

ಶಿವಪುತ್ರ ಕಾರ್ಖಾನೆಯಲ್ಲಿದ್ದ. ಪ್ರತಿಮಾ ಚುನಾವಣೆಯ ಕೆಲಸಕ್ಕೆಂದು ಬೀಳಗಿಗೆ ಹೋಗಿದ್ದಳು. ಕೂಸು ಕೈಯಿಂದಲೇ ಒಳಗಿದ್ದ ಉಬ್ಬಸದ ಔಷಧಿಯ ಪಂಪು ತೋರಿಸಿತು. ಕರೆವ್ವ ತಂದಳು. ಬಾಯಿಗೆ ಹಿಡಿದು ಒತ್ತುವುದನ್ನು ಮಾಯಾಳೇ ಸನ್ನೆಯಿಂದ ಹೇಳಿಕೊಟ್ಟಳು. ಸಾಲಲಿಲ್ಲ. ಕರೆವ್ವ ಅವಳನ್ನು ಎತ್ತಿಕೊಂಡು ರಸ್ತೆಗೆ ಓಡಿ, ಬರುತ್ತಿದ್ದ ಟಂಟಂ ಆಟೋಗೆ ಅಡ್ಡ ನಿಂತಳು. ಅರವತ್ತು ದಾಟಿದ ಹೆಂಗಸು. ದಾರಿಯುದ್ದಕ್ಕೂ ಕೂಸನ್ನು ತನ್ನ ಮೈಗೆ ತಾಗಿಸದೆ, ತೋಳು ನೀಡಿ ದೂರ ಹಿಡಿದುಕೊಂಡು ಕುಳಿತಿದ್ದಳೆಂದು ಟಂಟಂ ಹೊಡೆಯುವ ತುಕಾರಾಮ ಆಮೇಲೆ ಹೇಳಿದ.

ಪ್ರತಿಮಾ ಮುಧೋಳದ ದವಾಖಾನೆಗೆ ಬಂದಾಗ ಮಾಯಾ ಸುಧಾರಿಸಿದ್ದಳು. ಅವಳು ನೇರ ಅತ್ತೆಯ ಮುಂದೆ ನಿಂತಳು. ಐದು ವರ್ಷದ ಮೇಲೆ ಆಡಿದ ಮೊದಲ ಮಾತು: "ತಲಿ ತೊಳಕೊಂಡಿದ್ರೇನು?"

ಕರೆವ್ವನಿಗೆ ಸುಳ್ಳು ಹೇಳುವ ದಾರಿಯಿತ್ತು. ನೋಡಿದವರು ಯಾರೂ ಇರಲಿಲ್ಲ. "ಇಲ್ಲ," ಎಂದಳು.

ಪ್ರತಿಮಾ ಹೋಗಿ ಮಗಳ ಹೊದಿಕೆ ಸರಿಮಾಡಿದಳು. "ಮುಂದಿನ ಸೋಮವಾರ ಬರಬ್ಯಾಡ್ರಿ," ಎಂದಳು.

ಕರೆವ್ವ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಮೂರನೆಯ ಸೋಮವಾರ ಮುಂಜಾನೆ ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಷೌರದಂಗಡಿಗೆ ಹೋಗಿ, ಗಂಡಸರ ನಡುವೆ ಕುರ್ಚಿಯ ಮೇಲೆ ಕುಳಿತು, ತಲೆ ಪೂರಾ ಬೋಳಿಸು ಎಂದಳು. ಕ್ಷೌರಿಕ ಶಿದ್ರಾಮಪ್ಪ ಕತ್ತರಿ ಹಿಡಿದವನು ಗಾಬರಿಯಾದ. ಗಂಡ ಸತ್ತಾಗಲೂ ಕೂದಲು ತೆಗೆಸದ ಹೆಂಗಸು ಅವಳು.

"ಯಾವ ದೇವರಿಗಿ ಹರಕಿ ಯವ್ವ?"

"ದೇವರಿಗಲ್ಲೋ. ತಗಿ ಸುಮ್ನ."

ಅಂದು ಗುರುಬಸವ್ವನ ಮನೆಯಲ್ಲಿ ನುಣ್ಣನೆಯ ತಲೆಯನ್ನು ಸಾಬೂನು ಹಚ್ಚಿ ಎರಡೆರಡು ಸಲ ತೊಳೆದುಕೊಂಡು, ಸೀರೆ ಬದಲಿಸಿ, ಕಟ್ಟೆಗೆ ಬಂದು ಕುಳಿತಳು. ಓಣಿಯ ಮಕ್ಕಳು ನಕ್ಕರು. ಮಾಯಾ ಹೆದರಿ ಬಾಗಿಲಲ್ಲೇ ನಿಂತಳು. ಪ್ರತಿಮಾ ಹೊರಗೆ ಬಂದವಳು ನೋಡಿ ಕೆಂಡವಾದಳು.

"ಏನಿದು? ಸೊಸಿ ತಲಿ ಬೋಳಿಸಿದಳು ಅಂತ ಊರಿಗಿ ತೋರಸಾಕ ಹೊಂಟೀರೇನು?"

"ನಿನ್ನ ಸಲುವಾಗಲ್ಲ ಬೇ. ನಿನ್ನ ಮಾರಿ ನೋಡಾಕೂ ಬಂದಿಲ್ಲ."

"ಮಂದಿ ನನಗ ಬೈತಾರ."

"ಬೈಲಿ. ನನಗ ಮೊದಲಿಂದ ಬೈದಾರು. ನಾ ಏನ್ ಸತ್ತೀನೇನು?"

 ಪ್ರತಿಮಾ ಮಗಳ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದಳು. ಮಾಯಾ ಬಂದು ಆಯಿಯ ಬೋಳು ತಲೆಯನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದಳು.

ಅತ್ತೆ ಸೊಸೆ ಅಂದಿನಿಂದ ಮಾತಾಡುತ್ತಾರೆ. ಮಾತೆಂದರೆ ಜಗಳವೇ. ಸೋಮವಾರ ಕಟ್ಟೆಯ ಮೇಲೆ ಒಬ್ಬಳು, ಹೊಸ್ತಿಲಲ್ಲಿ ಒಬ್ಬಳು. ಸೀರೆ ನಿನ್ನೆ ಒಗೆದದ್ದೋ ಮೊನ್ನೆಯದೋ, ಕೂಸಿಗೆ ಹಾಲು ಕುಡಿಸಬೇಕೋ ಬೇಡವೋ, ಗೂಳಪ್ಪನ ಕೆಮ್ಮು ಹತ್ತಿಯ ಧೂಳಿನದೋ ರಕ್ತದ್ದೋ. ಕೊನೆಯದರ ಬಗ್ಗೆ ಇಬ್ಬರೂ ಒಂದಿಂಚು ಬಿಟ್ಟುಕೊಟ್ಟಿಲ್ಲ. ಶೆಡ್ಡಿನಲ್ಲಿ ನಾಲ್ಕು ನಾಯಿಗಳಿವೆ. ಮಾಯಾಳಿಗೆ ಉಬ್ಬಸ ಕಡಿಮೆಯಾಗಿದೆ, ಹೋಗಿಲ್ಲ. ಎರಡು ತಿಂಗಳಿಗೊಮ್ಮೆ, ತಲೆಯ ಮೇಲೆ ಬೆರಳಿಗೆ ಚುಚ್ಚುವಷ್ಟು ಕೂದಲು ಬಂದ ಕೂಡಲೇ, ಕರೆವ್ವ ಶಿದ್ರಾಮಪ್ಪನ ಅಂಗಡಿಗೆ ಹೋಗುತ್ತಾಳೆ. ಅವನು ಈಗ ಏನೂ ಕೇಳುವುದಿಲ್ಲ, ಕುರ್ಚಿ ಖಾಲಿ ಮಾಡಿಸುತ್ತಾನೆ.